ಒತ್ತಿದರೆ ಬೀಗ, ಮುಟ್ಟಿದರೆ ಕೂಗು

ದನದ ಕೊರಳಿಗೆ ಗಂಟೆ ಕಟ್ಟುವುದು ಬರೀ ಅಲಂಕಾರಕ್ಕಲ್ಲ. ಮೇಯಲು ಹೋದ ರಾಸು ಎಲ್ಲಿದೆ, ಬೇಲಿ ದಾಟಿತೇ, ಯಾರಾದರೂ ಹೊಡೆದುಕೊಂಡು ಹೋಗುತ್ತಿದ್ದಾರೆಯೇ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಸುವ ಏರ್ಪಾಡು ಅದು. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಕೊಟ್ಟಿಗೆಯ ಪಕ್ಕದಲ್ಲಿ ಕಾರೂ ಬಂದು ನಿಂತಿದೆ. ಅದಕ್ಕೂ ಒಂದು ಗಂಟೆ ಇರಲಿ ಎಂದು ಮನೆಯವರಿಗೆ ಅನ್ನಿಸುವುದು ಸಹಜವೇ.

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಹೊಸ ಕಾರುಗಳ ನಡುವೆ ಹಳೆಯ ಮಾರುತಿ 800, ಓಮ್ನಿ, ಕಡಿಮೆ ದರ್ಜೆಯ ಆಲ್ಟೊಗಳು ಇಂದಿಗೂ ಓಡುತ್ತಿವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು; ಓಮ್ನಿಯದು 2019ರಲ್ಲಿ. ತಯಾರಿಕೆ ನಿಂತರೇನು, ಗಾಡಿ ನಿಂತಿಲ್ಲ. ಇಂಥ ಕಾರುಗಳಲ್ಲಿ ಬಹಳಷ್ಟಕ್ಕೆ ಕೈಬೀಗವೇ ಗತಿ. ಪ್ರತಿ ಬಾಗಿಲಿನ ಗುಬುಟನ್ನೂ ಬೇರೆ ಬೇರೆ ಒತ್ತಬೇಕು. ಹಿಂದಿನ ಬಾಗಿಲು ಮರೆತರೆ ಮರೆತಂತೆಯೇ. ಹಾಗಾಗಿ ಕಾರಿನ ಯಜಮಾನರು ಆಟೊ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋಗಿ, "ಒಂದು ರಿಮೋಟ್ ಲಾಕ್ ಹಾಕಿಕೊಡಪ್ಪ" ಎನ್ನುತ್ತಾರೆ. ಕೆಲವು ಸಾವಿರ ರೂಪಾಯಿಗೆ ಕಿಟ್ ಸಿಗುತ್ತದೆ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಆ ಪೆಟ್ಟಿಗೆಯೊಳಗೆ ಬಾರದ ಒಂದು ವಸ್ತುವಿದೆ: ಜೋಡಿಸುವವನ ಕೈಗುಣ. ಕಾರು ಸುರಕ್ಷಿತವಾಗುವುದೂ ಅದರಿಂದಲೇ, ಅಪಾಯಕ್ಕೆ ಸಿಕ್ಕುವುದೂ ಅದರಿಂದಲೇ.

ಒಂದಲ್ಲ, ನಾಲ್ಕು

ಜನ "ರಿಮೋಟ್" ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ನಾಲ್ಕೂ ಬಾಗಿಲುಗಳ ಬೀಗವನ್ನು ಒಟ್ಟಿಗೆ ಹಾಕಿ ತೆಗೆಯುವುದು ಸೆಂಟ್ರಲ್ ಲಾಕಿಂಗ್. ಅದನ್ನು ದೂರದಿಂದ ಮಾಡಿಸುವುದು ರಿಮೋಟ್. ಬಾಗಿಲು ತೆರೆದರೆ ಅಥವಾ ಕಾರಿಗೆ ಪೆಟ್ಟು ಬಿದ್ದರೆ ಅರಚುವುದು ಅಲಾರಂ. ಸರಿಯಾದ ಗುರುತು ಸಿಗದ ಹೊರತು ಎಂಜಿನ್ ಚಾಲೂ ಆಗದಂತೆ ತಡೆಯುವುದು ಇಮ್ಮೊಬಿಲೈಸರ್.

ಮೊದಲ ಎರಡು ಅನುಕೂಲಕ್ಕೆ, ಮೂರನೆಯದು ಎಚ್ಚರಿಕೆಗೆ. ಕಳ್ಳನನ್ನು ನಿಜವಾಗಿ ಕಟ್ಟಿಹಾಕುವುದು ನಾಲ್ಕನೆಯದು. ಎಷ್ಟೋ ಅಗ್ಗದ ಕಿಟ್‌ಗಳಲ್ಲಿ ಇರುವುದು ಮೊದಲ ಮೂರು ಮಾತ್ರ. ಯುರೋಪಿನ ಒಕ್ಕೂಟ 1995ರಲ್ಲೇ ನಿಯಮ ಮಾಡಿ, 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರನ್ನು ಕಡ್ಡಾಯಗೊಳಿಸಿದ್ದು ಈ ವ್ಯತ್ಯಾಸ ಅರಿತೇ. ಆದ್ದರಿಂದ ಕಿಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ, "ಇದು ಎಷ್ಟು ಜೋರಾಗಿ ಕೂಗುತ್ತದೆ?" ಎಂಬುದಲ್ಲ, "ಇದು ಈ ನಾಲ್ಕರಲ್ಲಿ ಯಾವುದನ್ನು ಮಾಡುತ್ತದೆ?" ಎಂಬುದು.

ಬಾಗಿಲೊಳಗೆ ಹತ್ತನೇ ತರಗತಿ

ಬಾಗಿಲಿನ ಒಳಹೊದಿಕೆ ಬಿಚ್ಚಿದರೆ, ಗುಬುಟಿನಿಂದ ಬೀಗದವರೆಗೆ ಹೋಗುವ ಒಂದು ಸಣ್ಣ ಕಂಬಿ ಕಾಣುತ್ತದೆ. ಕೈಬೀಗ ಹಾಕುವಾಗ ನಾವು ಒತ್ತುವುದು ಈ ಕಂಬಿಯನ್ನೇ. ಕಿಟ್‌ನಲ್ಲಿ ಬರುವ ಪುಟ್ಟ ಮೋಟಾರನ್ನು ಬಾಗಿಲ ತಗಡಿಗೆ ಬಿಗಿದು, ಅದರ ಕಡ್ಡಿಯನ್ನು ಕ್ಲ್ಯಾಂಪಿನಿಂದ ಈ ಕಂಬಿಗೆ ಸೇರಿಸುತ್ತಾರೆ. ಬೆರಳು ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಮೋಟಾರು ಮಾಡುತ್ತದೆ, ಅಷ್ಟೆ.

ಒಂದೇ ಮೋಟಾರು ಬೀಗ ಹಾಕುವುದೂ ತೆಗೆಯುವುದೂ ಹೇಗೆ? ಫ್ಲೆಮಿಂಗನ ಎಡಗೈ ನಿಯಮವನ್ನು ನೆನಪಿಸಿಕೊಳ್ಳಿ. ಕಾಂತಕ್ಷೇತ್ರ ಹಾಗೆಯೇ ಇದ್ದು ವಿದ್ಯುತ್ ಪ್ರವಾಹದ ದಿಕ್ಕು ಬದಲಾದರೆ ಬಲದ ದಿಕ್ಕೂ ಬದಲಾಗುತ್ತದೆ. ಮೋಟಾರಿನ ಎರಡು ವೈರುಗಳಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಅದು ತಿರುಗುಮುರುಗಾಗಿ ತಿರುಗುತ್ತದೆ: ಒಮ್ಮೆ ನೂಕು, ಒಮ್ಮೆ ಸೆಳೆತ. ಈ ಅದಲುಬದಲನ್ನು ಮಾಡುವುದು ಡ್ಯಾಶ್‌ಬೋರ್ಡಿನ ಕೆಳಗೆ ಕೂರುವ ಪೆಟ್ಟಿಗೆಯ ರಿಲೇಗಳು. ವಿದ್ಯುತ್ ಹರಿಯುವುದು ಒಂದು ಸೆಕೆಂಡಿಗಿಂತ ಹೆಚ್ಚಿಲ್ಲ. ಇನ್ನೂ ಹೊತ್ತು ಹರಿದರೆ ಮೋಟಾರು ಸುಡುತ್ತದೆ.

ಸಾಮಾನ್ಯ ಕಿಟ್‌ಗಳಲ್ಲಿ ಚಾಲಕನ ಬಾಗಿಲಿನ ಮೋಟಾರಿಗೆ ಐದು ವೈರು, ಉಳಿದವಕ್ಕೆ ಎರಡೆರಡು. ಹೆಚ್ಚಿನ ಮೂರು ವೈರು ಏಕೆ? ಚಾಲಕ ಕೀಲಿಯಿಂದಲೋ ಕೈಯಿಂದಲೋ ತನ್ನ ಬಾಗಿಲಿನ ಬೀಗ ಹಾಕಿದಾಗ ಆ ಸುದ್ದಿಯನ್ನು ಪೆಟ್ಟಿಗೆಗೆ ಮುಟ್ಟಿಸುವ ಸ್ವಿಚ್ಚಿನವು ಅವು. ಆಗ ಉಳಿದ ಬಾಗಿಲುಗಳೂ ಅವನನ್ನು ಅನುಸರಿಸುತ್ತವೆ.

ರಿಮೋಟಿನ ಗುಟ್ಟು

ದೂರದಿಂದ ಕಾರಿನ ಬೀಗ ತೆಗೆಯುವ ಸಾಧನವನ್ನು ಮಾರುಕಟ್ಟೆಗೆ ತಂದ ಮೊದಲ ಕಾರುಗಳಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಒಂದು. ಅದು 1982ರ ಮಾತು. ಆರಂಭದ ರಿಮೋಟುಗಳಲ್ಲಿ ಒಂದು ದೋಷವಿತ್ತು. ಗುಂಡಿ ಒತ್ತಿದಾಗಲೆಲ್ಲ ಅವು ಒಂದೇ ಸಂಕೇತವನ್ನು ಕಳಿಸುತ್ತಿದ್ದವು. ಕಳ್ಳ ಅದನ್ನು ಒಮ್ಮೆ ಹಿಡಿದಿಟ್ಟುಕೊಂಡು ಆಮೇಲೆ ಮರಳಿ ಬಿತ್ತರಿಸಿದರೆ ಸಾಕು, ಬಾಗಿಲು ತೆರೆಯುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಪ್ರತಿ ಬಾರಿಯೂ ಬದಲಾಗುವ ಸಂಕೇತ. ಒಂದೇ ಪಂಚಾಂಗದ ಎರಡು ಪ್ರತಿಗಳಿವೆ ಎಂದುಕೊಳ್ಳಿ. ಒಂದು ರಿಮೋಟಿನಲ್ಲಿ, ಇನ್ನೊಂದು ಕಾರಿನ ಪೆಟ್ಟಿಗೆಯಲ್ಲಿ. ಗುಂಡಿ ಒತ್ತಿದಾಗಲೆಲ್ಲ ಎರಡೂ ಒಂದೊಂದು ಪುಟ ಮುಂದಕ್ಕೆ ಹೋಗುತ್ತವೆ. ಹಳೆಯ ಪುಟದ ಸಂಕೇತಕ್ಕೆ ಕಾರು ಕಿವಿಗೊಡುವುದಿಲ್ಲ. ಮನೆಯ ಮಗು ಆಟಕ್ಕೆಂದು ಹತ್ತು ಸಲ ಗುಂಡಿ ಒತ್ತಿಬಿಟ್ಟರೆ? ಅದಕ್ಕೂ ಉಪಾಯವಿದೆ. ಪೆಟ್ಟಿಗೆ ಮುಂದಿನ ಕೆಲವು ಪುಟಗಳನ್ನೂ ನೋಡುತ್ತದೆ. ತೀರಾ ದೂರ ಹೋಗಿದ್ದರೆ ಒಂದರ ಹಿಂದೊಂದು ಎರಡು ಸರಿಯಾದ ಸಂಕೇತ ಬಂದ ಮೇಲೆ ಮತ್ತೆ ಹೊಂದಿಕೊಳ್ಳುತ್ತದೆ.

ದಕ್ಷಿಣ ಆಫ್ರಿಕಾದ ನ್ಯಾನೊಟೆಕ್ ಕಂಪನಿ 1980ರ ದಶಕದಲ್ಲಿ ರೂಪಿಸಿದ 'ಕೀಲಾಕ್' ಈ ಬಗೆಯದು. 1995ರಲ್ಲಿ ಅಮೆರಿಕದ ಮೈಕ್ರೊಚಿಪ್ ಕಂಪನಿ ಅದನ್ನು ಕೊಂಡ ಮೇಲೆ ಜಗತ್ತಿನ ಲಕ್ಷಾಂತರ ಕಾರು, ಗ್ಯಾರೇಜುಗಳ ಬಾಗಿಲಿಗೆ ಅದು ಬಂತು. ಆದರೆ 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ನಕಲಿ ರಿಮೋಟನ್ನೂ ಮಾಡಬಹುದೆಂದು ತೋರಿಸಿದರು. 2015ರಲ್ಲಿ ಅಮೆರಿಕದ ಸ್ಯಾಮಿ ಕಮ್ಕಾರ್ ಎಂಬಾತ ಅಗ್ಗದ ಬಿಡಿಭಾಗಗಳಿಂದಲೇ ಇಂಥ ಸಂಕೇತಗಳನ್ನು ತಡೆದು ಕದಿಯುವ ಸಾಧನವನ್ನು ಪ್ರದರ್ಶಿಸಿದ. ಹಾಗೆಂದು ಬದಲಾಗುವ ಸಂಕೇತ ವ್ಯರ್ಥವಲ್ಲ. ಒಂದೇ ಸಂಕೇತದ ರಿಮೋಟಿಗಿಂತ ಅದು ಎಷ್ಟೋ ಮೇಲು. ಕಿಟ್ ಕೊಳ್ಳುವಾಗ ಸಂಕೇತ ಯಾವ ಬಗೆಯದೆಂದು ಕೇಳಿಯೇ ಕೊಳ್ಳಿ.

ಜಾತ್ರೆಯಲ್ಲಿ ಕೂಗಿದರೆ?

ಅಲಾರಮ್ಮಿಗೆ ಎರಡು ಇಂದ್ರಿಯಗಳಿವೆ. ಒಂದು, ಬಾಗಿಲು ತೆರೆದಾಗ ಒಳದೀಪ ಹೊತ್ತಿಸುವ ಸಣ್ಣ ಸ್ವಿಚ್ಚು. ಕೆಲವು ಹಳೆಯ ಕಾರುಗಳಲ್ಲಿ ಈ ಸ್ವಿಚ್ಚು ಮುಂದಿನ ಬಾಗಿಲುಗಳಿಗೆ ಮಾತ್ರ ಇರುತ್ತದೆ. ಹಿಂದಿನ ಬಾಗಿಲಿಗೂ ಹೊಸದಾಗಿ ಹಾಕಿಸದಿದ್ದರೆ ಅಲ್ಲಿಂದ ಯಾರು ನುಗ್ಗಿದರೂ ಅಲಾರಮ್ಮಿಗೆ ಗೊತ್ತೇ ಆಗದು. ಇನ್ನೊಂದು, ಅದುರುವಿಕೆಯನ್ನು ಗ್ರಹಿಸುವ ಸೆನ್ಸರ್. ಇದರ ಚುರುಕುತನವನ್ನು ಹೆಚ್ಚುಕಡಿಮೆ ಮಾಡಲು ಒಂದು ತಿರುಪು ಇರುತ್ತದೆ.

ಈ ತಿರುಪಿನ ಮಹತ್ವ ಗೊತ್ತಾಗಬೇಕಾದರೆ ಅಂತರಘಟ್ಟೆ ಜಾತ್ರೆಯಂಥ ಕಡೆ ಕಾರು ನಿಲ್ಲಿಸಬೇಕು, ಅಥವಾ ದೀಪಾವಳಿಯ ರಾತ್ರಿ ಪೇಟೆ ಬೀದಿಯಲ್ಲಿ. ತಮಟೆಗೊಮ್ಮೆ, ಪಟಾಕಿಗೊಮ್ಮೆ, ಲಾರಿ ಹಾದುಹೋದಾಗಲೊಮ್ಮೆ ಅರಚುವ ಕಾರನ್ನು ಮೂರನೆಯ ದಿನ ಯಾರೂ ತಿರುಗಿ ನೋಡುವುದಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆಯೇ ಇದು. ಅಂಗೈಯಿಂದ ಗಾಜಿಗೆ ತಟ್ಟಿದರೆ ಸುಮ್ಮನಿದ್ದು, ಗುದ್ದಿದರೆ ಮಾತ್ರ ಕೂಗುವಷ್ಟಕ್ಕೆ ತಿರುಪನ್ನು ಹೊಂದಿಸಿಕೊಡಿ ಎಂದು ಕೇಳಿ, ನಿಮ್ಮೆದುರಿಗೇ ಪರೀಕ್ಷಿಸಿ.

ಇನ್ನೊಂದು ಲೆಕ್ಕವನ್ನು ಮಕ್ಕಳೇ ಮಾಡಲಿ. ಕಾರು ನಿಂತಿದ್ದರೂ ಕಾವಲಿಗಾಗಿ ಅಲಾರಂ 20 ಮಿಲಿ ಆಂಪಿಯರಿನಷ್ಟು ವಿದ್ಯುತ್ ಬಳಸುತ್ತಿದೆ ಎನ್ನಿ. ದಿನದ 24 ಗಂಟೆಗೆ ಅದು 480 ಮಿಲಿ ಆಂಪಿಯರ್-ಗಂಟೆ. ಅಂದರೆ ಹತ್ತಿರ ಹತ್ತಿರ ಅರ್ಧ ಆಂಪಿಯರ್-ಗಂಟೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ತಿಂಗಳಿಗೆ 14ಕ್ಕಿಂತ ಹೆಚ್ಚು ಖರ್ಚಾಯಿತು, ಅಂದರೆ ಐದರಲ್ಲಿ ಎರಡು ಪಾಲು. ಬ್ಯಾಟರಿ ಹಳೆಯದಾಗಿದ್ದರೆ ಹಬ್ಬಕ್ಕೆಂದು ಹಳ್ಳಿಗೆ ಬಂದವರ ಕಾರು ಚಾಲೂ ಆಗದೇ ಹೋದೀತು. ತಿಂಗಳುಗಟ್ಟಲೆ ನಿಲ್ಲುವ ಕಾರನ್ನು ವಾರಕ್ಕೊಮ್ಮೆ ಓಡಿಸುವುದು ಒಳ್ಳೆಯದು.

ಒಂದು ಜಾಯಿಂಟಿನ ಬೆಲೆ

ಕಿಟ್ ಹಾಕಿದ ಕಾರುಗಳಲ್ಲಿ ತೊಂದರೆ ಬಂದಾಗ ಮೊದಲು ನೋಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ವೈರಿನ ಜಾಯಿಂಟನ್ನು. ವೈರನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಹೊಸೆದು, ಟೇಪ್ ಸುತ್ತಿ ಮುಗಿಸಿದ ಜಾಯಿಂಟು ತರೀಕೆರೆಯ ಮಳೆಗಾಲದ ತೇವಕ್ಕೆ ಕಿಲುಬು ಹಿಡಿಯುತ್ತದೆ. ಕಡೂರಿನ ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅಡಿಕೆ ಕಣದ ಪಕ್ಕ, ಹುಲ್ಲಿನ ಬಣವೆಯ ಪಕ್ಕ ನಿಲ್ಲುವ ಕಾರುಗಳ ವೈರಿಗೆ ಇಲಿಗಳ ಕಾಟ ಬೇರೆ. ಬರಿ ವೈರು ತಗಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಆ ದಾರಿಯಲ್ಲಿ ಫ್ಯೂಸ್ ಇಲ್ಲದಿದ್ದರೆ ವೈರೇ ಕೆಂಡವಾಗುತ್ತದೆ, ಕಾರಿಗೆ ಬೆಂಕಿ ಹತ್ತುತ್ತದೆ.

ಒಳ್ಳೆಯ ಕೆಲಸಗಾರ ಬ್ಯಾಟರಿಯ ಸಂಪರ್ಕ ಬಿಡಿಸಿಟ್ಟು ಕೆಲಸ ಆರಂಭಿಸುತ್ತಾನೆ. ಜಾಯಿಂಟಿಗೆ ಬೆಸುಗೆ ಹಾಕುತ್ತಾನೆ ಇಲ್ಲವೇ ಸರಿಯಾದ ಕನೆಕ್ಟರ್ ಬಳಸುತ್ತಾನೆ. ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಹಾಕುತ್ತಾನೆ. ಬಾಗಿಲು ಮಡಚುವ ಕಡೆ ವೈರನ್ನು ರಬ್ಬರ್ ಕೊಳವೆಯೊಳಗಿಂದ ಸಾಗಿಸುತ್ತಾನೆ. ಗಾಜು ಇಳಿಯುವ ದಾರಿಗೆ ಯಾವ ವೈರೂ ಅಡ್ಡ ಬಾರದಂತೆ ಕಟ್ಟುತ್ತಾನೆ. ಎಂಜಿನ್ ತಡೆಯುವ ರಿಲೇಯನ್ನು ಸ್ಟಾರ್ಟರಿನ ದಾರಿಯಲ್ಲಿ ಮಾತ್ರ ಹಾಕುತ್ತಾನೆ. ಓಡುತ್ತಿರುವ ಎಂಜಿನ್ನನ್ನೇ ನಿಲ್ಲಿಸುವಂತೆ ಹಾಕಿದರೆ, ಆ ರಿಲೇ ಕೆಟ್ಟ ದಿನ ಕಾರು ಹೆದ್ದಾರಿಯ ನಡುವೆ ನಿಂತುಬಿಡುತ್ತದೆ. ಏರ್‌ಬ್ಯಾಗಿನ ವೈರುಗಳನ್ನಂತೂ ಅವನು ಮುಟ್ಟುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ

ತಂದೆತಾಯಂದಿರು ಮರೆಯಬಾರದ ಮಾತೊಂದಿದೆ. ಕೈಬೀಗದ ಕಾರಿನಲ್ಲಿ ಒಂದು ಬಾಗಿಲಾದರೂ ತೆರೆದಿರುವ ಸಂಭವವಿತ್ತು. ಈಗ ಒಂದು ಗುಂಡಿಗೆ ನಾಲ್ಕೂ ಮುಚ್ಚುತ್ತವೆ. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಮಗುವಿನ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ. ಒಳಗೆ ಸಿಕ್ಕಿಕೊಂಡ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಗಳು ನಮ್ಮ ದೇಶದಲ್ಲೂ ಬಂದಿವೆ.

ಆದ್ದರಿಂದ ಮೋಟಾರು ಜೋಡಿಸಿದ ಮೇಲೂ ಪ್ರತಿ ಬಾಗಿಲಿನ ಗುಬುಟು ಒಳಗಿನಿಂದ ಮಗುವಿನ ಕೈಗೂ ಹಗುರವಾಗಿ ಮೇಲೇಳುತ್ತದೆಯೇ ನೋಡಿ. ರಿಮೋಟು ಆಟದ ಸಾಮಾನಲ್ಲ, ಎಟುಕದ ಕಡೆ ಇಡಿ. ಕೆಲವು ಕಿಟ್‌ಗಳು, ಬೀಗ ತೆಗೆದ ಮೇಲೆ ಅರ್ಧ ನಿಮಿಷದೊಳಗೆ ಬಾಗಿಲು ತೆರೆಯದಿದ್ದರೆ ತಾವೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಕೀಲಿ ಒಳಗೆ, ನಾವು ಹೊರಗೆ ಎಂಬ ಪಾಡು ಬರಬಾರದೆಂದರೆ ರಿಮೋಟಿನ ಜೊತೆ ಕೀಲಿಯನ್ನೂ ಜೇಬಿನಲ್ಲಿಡಿ. ಬ್ಯಾಟರಿ ಸತ್ತ ದಿನ ಬಾಗಿಲು ತೆರೆಯುವುದು ಆ ಹಳೆಯ ಕೀಲಿಯೇ. ಕಾರು ಕಳುವಾದಾಗ ವಿಮಾ ಕಂಪನಿಗಳು ಎರಡೂ ಕೀಲಿಗಳನ್ನು ಕೇಳುವುದು ರೂಢಿ; ಅದಕ್ಕಾಗಿಯಾದರೂ ಎರಡನೆಯದನ್ನು ಕಳೆಯಬೇಡಿ.

ಕಲಿಯುವವರಿಗೆ ದಾರಿ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ಎರಡೆರಡು ವರ್ಷದ ತರಬೇತಿಗಳಿವೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಹಳೆಯ ಕಾರಿನಲ್ಲಿ ಒಂದು ವೈರಿಗೆ ಒಂದೇ ಕೆಲಸ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಪದ್ಧತಿ ಬಂದ ಮೇಲೆ ಒಂದೇ ಜೋಡಿ ವೈರಿನಲ್ಲಿ ಹತ್ತಾರು ಸುದ್ದಿಗಳು ಓಡಾಡುತ್ತವೆ. ಇಂಥ ಹೊಸ ಕಾರಿನಲ್ಲಿ ಟೆಸ್ಟ್ ಬಲ್ಬು ಹಿಡಿದು ವೈರು ಹುಡುಕಿ ಕತ್ತರಿಸುವ ಪದ್ಧತಿ ನಡೆಯದು. ನಕ್ಷೆ ಓದಲು, ಮಲ್ಟಿಮೀಟರ್ ಹಿಡಿಯಲು, ಕಂಪ್ಯೂಟರಿನಿಂದ ದೋಷ ಹುಡುಕಲು ಬಲ್ಲವರಿಗೇ ಮುಂದಿನ ದಿನಗಳಲ್ಲಿ ಬೆಲೆ.

"ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ" ಎಂದು ಮಕ್ಕಳನ್ನು ಹೆದರಿಸುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಓದಿದವನೇ ಗ್ಯಾರೇಜಿಗೆ ಬೇಕಾಗಿದ್ದಾನೆ. ಮನೆಯ ಕಾರಿಗೆ ಕಿಟ್ ಹಾಕಿಸುವ ದಿನ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಬಾಗಿಲ ಹೊದಿಕೆ ಬಿಚ್ಚುವಾಗ ಹತ್ತಿರ ನಿಂತು ನೋಡಲಿ. ಫ್ಯೂಸ್ ಎಲ್ಲಿ ಹಾಕಿದಿರಿ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳುವ ಕೆಲಸವನ್ನು ಅವರಿಗೇ ಬಿಡಿ.