ಹಸಿರು ದಾರಿ ಬಡ ವ್ಯಾಪಾರಿಗೆ ದುಬಾರಿಯೇ?

ಕಾರ್ಕಳದ ಪಕ್ಕದ ಕುಕ್ಕುಂದೂರಿರಲಿ, ಕಾಪು ಪೇಟೆಯಿರಲಿ, ಚರುಮುರಿ ಗಾಡಿ, ಮೀನಿನ ಬುಟ್ಟಿ, ಗೂಡಂಗಡಿಗಳ ಪ್ರಸ್ತಾಪ ಬಂದರೆ ಒಂದು ಮಾತು ಕೇಳಿಬರುತ್ತದೆ: ಪರಿಸರ ಕಾಳಜಿ ಹೊಟ್ಟೆ ತುಂಬಿದವರಿಗೆ, ಅಂದಂದಿನ ದುಡಿಮೆಯವರಿಗೆ ಅದು ನಷ್ಟದ ಬಾಬತ್ತು. ಇದು ಸಣ್ಣ ವಿಷಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯಂತೆ ಜಗತ್ತಿನಲ್ಲಿ ಸುಮಾರು 200 ಕೋಟಿ ಜನ, ಅಂದರೆ ದುಡಿಯುವವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ, ಬದುಕು ಕಟ್ಟಿಕೊಂಡಿರುವುದು ಅಸಂಘಟಿತ ವಲಯದಲ್ಲಿ.

ಈ ನಂಬಿಕೆಗೆ ಉತ್ತರ ಉಡುಪಿ ಬಳಿಯ ಶಂಕರಪುರದಲ್ಲೇ ಇದೆ. ಭೌಗೋಳಿಕ ಸೂಚ್ಯಂಕ ಪಡೆದ ಉಡುಪಿ ಮಲ್ಲಿಗೆಯನ್ನು ಮನೆಯಂಗಳದಲ್ಲಿ ಬೆಳೆದು, ಮನೆಮಂದಿಯೇ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವುದು ಬಾಳೆ ನಾರಿನಲ್ಲಿ, ಸುತ್ತುವುದು ಬಾಳೆ ಎಲೆಯಲ್ಲಿ. ನಾರೂ ಎಲೆಯೂ ಹಿತ್ತಲಲ್ಲೇ ಸಿಗುತ್ತವೆ, ಹೂ ಬಾಡದಂತೆ ತಂಪನ್ನೂ ಹಿಡಿಯುತ್ತವೆ. ಪರಿಸರಕ್ಕೆ ಒಗ್ಗುವ ಕಟ್ಟು ಇಲ್ಲಿ ಖರ್ಚನ್ನೂ ಉಳಿಸುತ್ತದೆ, ಮಾಲನ್ನೂ ಕಾಯುತ್ತದೆ.

ಹಾಗಾದರೆ ಎಲ್ಲ ವ್ಯಾಪಾರಿಗಳೂ ಏಕೆ ಇಂಥ ದಾರಿ ಹಿಡಿಯುವುದಿಲ್ಲ? ಅರಿವಿಲ್ಲ, ಜಾಗೃತಿ ಮೂಡಿಸಬೇಕು ಎನ್ನುವುದು ಎರಡನೆಯ ತಪ್ಪು ಕಲ್ಪನೆ. ಬಹಳ ಕಡೆ ಕೊರತೆ ಇರುವುದು ಅರಿವಿನಲ್ಲಲ್ಲ, ಹಣ ಕಟ್ಟುವ ಕ್ರಮದಲ್ಲಿ. 1995ರಲ್ಲಿ ಸೌರದೀಪ ಒದಗಿಸುವ ಸೆಲ್ಕೊ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಹೇಳುತ್ತ ಬಂದ ಪ್ರಸಂಗವೊಂದಿದೆ. ಸೌರದೀಪಕ್ಕೆ ತಿಂಗಳಿಗೆ 300 ರೂಪಾಯಿ ತನಗೆ ಭಾರ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದರಂತೆ. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸಂಜೆಯ ಗಲ್ಲಾಪೆಟ್ಟಿಗೆಯಲ್ಲಿ 10 ರೂಪಾಯಿ ಇರುತ್ತದೆ, ತಿಂಗಳ ಕೊನೆಗೆ 300 ಉಳಿದಿರುವುದಿಲ್ಲ. ಬ್ಯಾಟರಿ ದೀಪಗಳನ್ನು ಒಂದೆಡೆ ಸೌರಶಕ್ತಿಯಿಂದ ಚಾರ್ಜ್ ಮಾಡಿ ರಾತ್ರಿಯ ಲೆಕ್ಕದಲ್ಲಿ ಗಾಡಿಗಳಿಗೆ ಬಾಡಿಗೆ ಕೊಡುವ ವ್ಯವಸ್ಥೆ ನಿಂತದ್ದು ಈ ತಿಳಿವಳಿಕೆಯ ಮೇಲೆಯೇ. ಸೀಮೆಎಣ್ಣೆಗೆ ಸುರಿಯುತ್ತಿದ್ದ ಹಣವೇ ದೀಪದ ಬಾಡಿಗೆಯಾಯಿತು.

ಉಡುಪಿಯವರಿಗೆ ಈ ಲೆಕ್ಕ ಹೊಸತಲ್ಲ. 1925ರಲ್ಲಿ ಇಲ್ಲೇ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಾಗ, ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಪಡೆಯುತ್ತಿದ್ದರು. ಉಳಿತಾಯಕ್ಕೆ ಒಪ್ಪಿದ ಈ ದಿನದ ಲೆಕ್ಕ ಹೊಗೆರಹಿತ ಒಲೆಯ, ಸೌರ ಹೊಲಿಗೆ ಯಂತ್ರದ ಸಾಲದ ಕಂತಿಗೂ ಒಪ್ಪಬೇಕು. ಪರಿಸರ ಯೋಜನೆ ರೂಪಿಸುವವರು ಇದನ್ನು ಮರೆಯುವುದು ಬೇಸರದ ಸಂಗತಿ.

ಊರು ಗಲೀಜಾಗುವುದು ಇಂಥ ಬೀದಿ ದಂಧೆಗಳಿಂದಲೇ ಎಂಬ ದೂರೂ ಪೂರ್ತಿ ನಿಜವಲ್ಲ. ಗುಜರಿಯವರು, ಚಿಂದಿ ಆಯುವವರು ಪುರಸಭೆಗಳಿಗಿಂತ ಮೊದಲೇ ಒಣ ಕಸ ವಿಂಗಡಿಸುತ್ತಿದ್ದವರು. 2011ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರುದಳ ಸಂಸ್ಥೆಯ ಜತೆ ಸೇರಿ ಅವರಲ್ಲಿ ಹಲವರು ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವವರಾದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲೂ ಸುತ್ತಲಿನ ಪಂಚಾಯತ್‌ಗಳ ಒಣ ಕಸ ವಿಂಗಡಿಸುವ ದೊಡ್ಡ ಘಟಕವಿದೆ. ಗುಜರಿಯವರು ಬಿಟ್ಟುಹೋಗುವುದು ಕೊಳ್ಳುವವರೇ ಇಲ್ಲದ ತಿಂಡಿ ಪೊಟ್ಟಣದಂಥ ವಸ್ತುವನ್ನು. ಅದನ್ನು ತಯಾರಿಸಿದ್ದು ದೊಡ್ಡ ಕಂಪನಿ, ಗಾಡಿಯವರಲ್ಲ.

ಇನ್ನು ತಿರುವುಮುರುವಾದ ನಂಬಿಕೆ: ಹಸಿರು ಸರಕಾದರೆ ತಾನಾಗಿ ಲಾಭ ತರುತ್ತದೆ. ಅದೂ ಸುಳ್ಳು. ತೋಟದಲ್ಲಿ ಉದುರುವ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಸಣ್ಣ ಘಟಕಗಳು ಕರಾವಳಿಯಲ್ಲಿ ಅನೇಕ ಇವೆ. ರಾಜ್ಯ 2016ರ ಮಾರ್ಚ್‌ನಲ್ಲಿ, ಕೇಂದ್ರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ ನಿಷೇಧಿಸಿದವು. ನಿಷೇಧ ಸಡಿಲವಾದಲ್ಲೆಲ್ಲ ಅಗ್ಗದ ತಟ್ಟೆ ಸಮಾರಂಭಗಳಿಗೆ ಮರಳಿ ನುಗ್ಗುತ್ತದೆ. ಜತೆಗೆ 2025ರ ಮೇನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣಕ್ಕೆ ಹಾಳೆ ತಟ್ಟೆಗಳನ್ನು ಅಧಿಕೃತವಲ್ಲವೆಂದಿತು. ಈ ಆಕ್ಷೇಪಕ್ಕೆ ಪ್ರಯೋಗಾಲಯದ ಪರೀಕ್ಷೆಯಿಂದಲೇ ಉತ್ತರ ಸಿಗಬೇಕು. ಶೆಡ್ಡಿನಲ್ಲಿ ಎರಡು ಯಂತ್ರ ಇಟ್ಟುಕೊಂಡವರು ಆ ಖರ್ಚು ಹೊರಲಾರರು. ಅಡಿಕೆ ಸಹಕಾರ ಸಂಘಗಳೂ ಸರ್ಕಾರವೂ ಅದನ್ನು ಹೊರಬೇಕು, ಫಲಿತಾಂಶ ಏನೇ ಬಂದರೂ ತಟ್ಟೆ ಒತ್ತುವವರಿಗೂ ಉಣ್ಣುವವರಿಗೂ ತಿಳಿಸಬೇಕು.