ನಡುವಯಸ್ಸಿನ ವೃತ್ತಿ ಬದಲಾವಣೆ ಮತ್ತು ಎಕ್ಸಿಕ್ಯೂಟಿವ್ ಎಂಬಿಎ

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿಯಾದ ಎಂಬಿಎ 1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದಾಗ ಅದು ಕಾಲೇಜು ಮುಗಿಸಿದ ಯುವಕರಿಗಾಗಿ ರೂಪುಗೊಂಡ ಎರಡು ವರ್ಷಗಳ ವ್ಯಾಸಂಗವಾಗಿತ್ತು. ಈಗಾಗಲೇ ಹುದ್ದೆಯಲ್ಲಿರುವ ಅಧಿಕಾರಿಗಳು ಕೆಲಸ ಬಿಡದೆಯೇ ಓದಬಹುದಾದ ಎಕ್ಸಿಕ್ಯೂಟಿವ್ ಎಂಬಿಎಯನ್ನು ಷಿಕಾಗೊ ವಿಶ್ವವಿದ್ಯಾಲಯವು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಮೊದಲ ಬಾರಿಗೆ ತೆರೆಯಿತು. ಒಂದು ವಿಭಾಗವನ್ನು ಬಲ್ಲ ಅಧಿಕಾರಿಗೆ ಇಡೀ ಸಂಸ್ಥೆಯನ್ನು ನೋಡುವ ದೃಷ್ಟಿ ದೊರಕಿಸಿ, ಅವನನ್ನು ಅದೇ ಸಂಸ್ಥೆಯ ಮೇಲಿನ ಹುದ್ದೆಗೆ ಅಣಿಗೊಳಿಸುವುದು ಇಂಥ ವ್ಯಾಸಂಗದ ಮೂಲ ಉದ್ದೇಶವಾಗಿದ್ದುದರಿಂದ, ಅಭ್ಯರ್ಥಿಯನ್ನು ಕಂಪನಿಯೇ ಕಳುಹಿಸಿ ಶುಲ್ಕವನ್ನೂ ತಾನೇ ಭರಿಸುವುದು ಬಹುಕಾಲ ರೂಢಿಯಲ್ಲಿತ್ತು. ಇಂದು ಸ್ವಂತ ಹಣ ಹೂಡಿ ಈ ತರಗತಿಗಳಿಗೆ ಸೇರುವ ಹಲವರ ಬಯಕೆ ಇದಕ್ಕೆ ತೀರಾ ವಿರುದ್ಧವಾಗಿದೆ. ಅವರಿಗೆ ಬೇಕಿರುವುದು ಈಗಿರುವ ವೃತ್ತಿಯಲ್ಲಿ ಬಡ್ತಿಯಲ್ಲ, ಅದರಿಂದ ಬಿಡುಗಡೆ. ಈ ಮಾರ್ಗದಲ್ಲಿ ಕಾಣುವ ನಿರಾಶೆಗೆ ಬೋಧನೆಯ ಕೊರತೆಗಿಂತ ಹೆಚ್ಚಾಗಿ ಈ ವೈರುಧ್ಯವೇ ಕಾರಣವೆನ್ನಬೇಕು.

ಬೆಂಗಳೂರಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. 1973ರಲ್ಲಿ ಸ್ಥಾಪನೆಯಾದ ಇಲ್ಲಿನ ಭಾರತೀಯ ನಿರ್ವಹಣಾ ಸಂಸ್ಥೆ, ಅಂದರೆ ಐಐಎಂ, 1998ರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳಿಗಾಗಿಯೇ ಒಂದು ನಿರ್ವಹಣಾ ವ್ಯಾಸಂಗವನ್ನು ಆರಂಭಿಸಿತು. ಪ್ರೋಗ್ರಾಂ ಬರೆಯುವುದರಲ್ಲಿ ಪಳಗಿದ ಎಂಜಿನಿಯರುಗಳು ಕೆಲವೇ ವರ್ಷಗಳಲ್ಲಿ ತಂಡಗಳನ್ನೂ ಗ್ರಾಹಕರನ್ನೂ ಲಾಭನಷ್ಟದ ಲೆಕ್ಕವನ್ನೂ ನಿಭಾಯಿಸಬೇಕಾಗಿ ಬಂದ ಕಾಲವದು. ವಾರಾಂತ್ಯದಲ್ಲಿ ನಡೆಯುವ ಈ ವ್ಯಾಸಂಗ ಮುಂದೆ ಹೆಸರು ಬದಲಿಸಿಕೊಂಡು ಇತರ ಉದ್ಯಮಗಳವರಿಗೂ ತೆರೆದುಕೊಂಡಿತು. 2009ರಲ್ಲಿ ಅದೇ ಸಂಸ್ಥೆ, ಅನುಭವಿಗಳು ಕೆಲಸ ಬಿಟ್ಟು ಒಂದು ವರ್ಷ ಪೂರ್ಣಾವಧಿ ಓದುವ ಇನ್ನೊಂದು ವ್ಯಾಸಂಗವನ್ನೂ ತೆರೆಯಿತು. ಜನರ ಬಾಯಲ್ಲಿ ಎರಡೂ ಎಕ್ಸಿಕ್ಯೂಟಿವ್ ಎಂಬಿಎಗಳೇ ಆದರೂ ಇವುಗಳ ಸ್ವಭಾವ ಬೇರೆ ಬೇರೆ. ಪೂರ್ಣಾವಧಿ ವ್ಯಾಸಂಗದಲ್ಲಿ ಕಂಪನಿಗಳನ್ನು ಕರೆಸಿ ಉದ್ಯೋಗ ದೊರಕಿಸುವ ವ್ಯವಸ್ಥೆ, ಅಂದರೆ ಪ್ಲೇಸ್‌ಮೆಂಟ್, ಸಾಮಾನ್ಯವಾಗಿ ಇರುತ್ತದೆ. ವಾರಾಂತ್ಯದ ವ್ಯಾಸಂಗದಲ್ಲಿ ವಿದ್ಯಾರ್ಥಿಗೆ ಕೆಲಸ ಇದ್ದೇ ಇದೆ ಎಂಬುದು ಮೊದಲ ಗೃಹೀತವಾದುದರಿಂದ ಅಂಥ ನೆರವನ್ನು ಅಷ್ಟಾಗಿ ನಿರೀಕ್ಷಿಸುವಂತಿಲ್ಲ. ವೃತ್ತಿಯನ್ನೇ ಬದಲಿಸಬೇಕೆಂದಿರುವವರು ಸಂಸ್ಥೆಯ ಹೆಸರಿಗಿಂತ ಮೊದಲು ವಿಚಾರಿಸಬೇಕಾದುದು ಇದನ್ನು.

ವೃತ್ತಿ ಬದಲಾವಣೆ ಎಂಬುದನ್ನೂ ಬಿಡಿಸಿ ನೋಡಬೇಕಾಗುತ್ತದೆ. ಒಬ್ಬರ ವೃತ್ತಿಯಲ್ಲಿ ಉದ್ಯಮ ಯಾವುದು, ಅದರೊಳಗೆ ಮಾಡುವ ಕೆಲಸ ಯಾವುದು, ಯಾವ ಊರಿನಲ್ಲಿ ಎಂಬ ಮೂರು ಅಂಶಗಳಿವೆ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸಿದ್ಧಪಡಿಸುತ್ತಿದ್ದ ಎಂಜಿನಿಯರು ಬ್ಯಾಂಕಿನ ಡಿಜಿಟಲ್ ಸೇವೆಗಳ ಯೋಜನೆಯ ಹೊಣೆ ಹೊರುವುದು ಒಂದು ಅಂಶವನ್ನು ಬದಲಿಸಿ ಇನ್ನೊಂದರ ಅನುಭವವನ್ನು ಉಳಿಸಿಕೊಂಡಂತೆ. ಅದೇ ವ್ಯಕ್ತಿ ನಲವತ್ತರ ಹೊತ್ತಿಗೆ ಔಷಧ ಉದ್ಯಮದ ಮಾರಾಟ ವಿಭಾಗಕ್ಕೆ, ಅದೂ ಬೇರೆ ದೇಶಕ್ಕೆ ಹೊರಟರೆ, ಹದಿನೈದು ವರ್ಷಗಳ ಅನುಭವದಲ್ಲಿ ಬಹುಪಾಲು ಬೆಲೆ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಪದವಿಯೊಂದು ಪೂರ್ತಿಯಾಗಿ ತುಂಬಿಕೊಡಲಾರದು.

ತರಗತಿಯಲ್ಲಿ ಕಲಿಸುವುದು ಲೆಕ್ಕಶಾಸ್ತ್ರ, ಹಣಕಾಸು, ಮಾರುಕಟ್ಟೆ, ಉತ್ಪಾದನಾ ವ್ಯವಸ್ಥೆ, ವ್ಯೂಹರಚನೆ ಮೊದಲಾದ ವಿಷಯಗಳನ್ನು. ಕಂಪನಿಯೊಂದು ಎದುರಿಸಿದ ನೈಜ ಸನ್ನಿವೇಶವನ್ನು ಮುಂದಿಟ್ಟು, ನಿರ್ಧಾರ ಏನಾಗಬೇಕಿತ್ತೆಂದು ವಿದ್ಯಾರ್ಥಿಗಳೇ ವಾದಿಸುವ ‘ಕೇಸ್’ ಪದ್ಧತಿ ಇಲ್ಲಿ ಪ್ರಧಾನವಾದುದು. ಈ ವಿಷಯಗಳ ತಿರುಳನ್ನು ಪುಸ್ತಕಗಳಿಂದಲೂ ಕಲಿಯಬಹುದೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಪುಸ್ತಕದಿಂದ ದೊರೆಯದಿರುವುದು ಸಹಪಾಠಿಗಳು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಬಾಸ್ಟನ್ ಬಳಿಯ ಪಟ್ಟಣವೊಂದರಲ್ಲಿ ಆಗಷ್ಟೇ ಉದ್ಯೋಗ ಬದಲಿಸಿದ್ದ ತಾಂತ್ರಿಕ ಮತ್ತು ಆಡಳಿತ ವರ್ಗದವರನ್ನು ವಿಚಾರಿಸಿದಾಗ ಕಂಡದ್ದನ್ನು ವಿವರಿಸಿದ್ದಾರೆ. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಸುದ್ದಿ ತಿಳಿಸಿದವರನ್ನು ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದವರು ಶೇ 16.7ರಷ್ಟು ಮಾತ್ರ, ಶೇ 27.8ರಷ್ಟು ಜನರಿಗೆ ಆ ಸುದ್ದಿ ಮುಟ್ಟಿಸಿದವರು ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪವಾಗಿ ಎದುರಾಗುವವರಾಗಿದ್ದರು. ಆಪ್ತರು ನಮ್ಮ ಸುತ್ತಿನಲ್ಲೇ ಇರುವುದರಿಂದ ಅವರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ, ಆದರೆ ದೂರದ ಪರಿಚಿತರು ಬೇರೊಂದು ಲೋಕದ ವರ್ತಮಾನವನ್ನು ತರುತ್ತಾರೆ ಎಂಬುದು ಗ್ರಾನೊವೆಟರ್ ಅವರ ವಿವರಣೆ. ಇಪ್ಪತ್ತು ವರ್ಷ ಒಂದೇ ಉದ್ಯಮದಲ್ಲಿ ದುಡಿದವರ ಬಳಗವೆಲ್ಲ ಅದೇ ಉದ್ಯಮದ್ದಾಗಿರುವುದು ಸಹಜ. ಆಸ್ಪತ್ರೆ, ಸೇನೆ, ವಿಮೆ, ಸಿಮೆಂಟು, ಸಾರಿಗೆ ಹೀಗೆ ಬೇರೆ ಬೇರೆ ಕ್ಷೇತ್ರಗಳಿಂದ ಬಂದವರೊಡನೆ ಒಂದು ವರ್ಷ ಕುಳಿತು ವಾದಿಸುವುದರಿಂದ ಹುಟ್ಟುವುದು ಇಂಥ ದೂರದ ಪರಿಚಯಗಳೇ. ದುಬಾರಿ ಶುಲ್ಕಕ್ಕೆ ಏನಾದರೂ ಸಮರ್ಥನೆಯಿದ್ದರೆ ಅದು ಮುಖ್ಯವಾಗಿ ಇಲ್ಲಿದೆ. ಮನೆಯಲ್ಲೇ ಕುಳಿತು ಧ್ವನಿಮುದ್ರಿತ ಪಾಠಗಳನ್ನು ಕೇಳುವ ಆನ್‌ಲೈನ್ ವ್ಯಾಸಂಗಗಳು ಸೋಲುವುದೂ ಇಲ್ಲಿಯೇ.

ನಡುವಯಸ್ಸಿನ ವೃತ್ತಿ ಬದಲಾವಣೆಯನ್ನು ಹತ್ತಿರದಿಂದ ಅಭ್ಯಸಿಸಿದ ಪ್ರಾಧ್ಯಾಪಕಿ ಹರ್ಮಿನಿಯಾ ಇಬಾರಾ ತಮ್ಮ 2003ರ ‘ವರ್ಕಿಂಗ್ ಐಡೆಂಟಿಟಿ’ ಗ್ರಂಥದಲ್ಲಿ, ಮೊದಲು ತನ್ನೊಳಗೆ ನೋಡಿಕೊಂಡು ಗುರಿಯನ್ನು ನಿರ್ಧರಿಸಿ ಆಮೇಲೆ ಹೊರಡಬೇಕೆಂಬ ರೂಢಿಯ ಸಲಹೆಯನ್ನು ತಿರುಗುಮುರುಗು ಮಾಡುತ್ತಾರೆ. ಹೊಸ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುತ್ತಲೇ ತನಗೆ ಒಗ್ಗುವುದು ಯಾವುದೆಂದು ಮನುಷ್ಯನಿಗೆ ಅರಿವಾಗುತ್ತದೆಂಬುದು ಅವರ ನಿಲುವು. ಈ ಮಾತನ್ನು ಒಪ್ಪಿದರೆ, ಏನು ಬೇಕೆಂದು ತಿಳಿಯದ ಗೊಂದಲದಲ್ಲಿ, ಓದಿದರೆ ತಿಳಿದೀತು ಎಂದು ಪದವಿಗೆ ಸೇರುವುದು ಬಹಳ ದುಬಾರಿಯಾದ ಆಲೋಚನಾಕ್ರಮವೆಂದಾಗುತ್ತದೆ.

ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಪ್ರಮುಖ ಸಂಸ್ಥೆಗಳ ಒಂದು ವರ್ಷದ ವ್ಯಾಸಂಗದ ಶುಲ್ಕ ಈಗ 25 ಲಕ್ಷ ರೂಪಾಯಿಗಳನ್ನು ದಾಟಿದೆ. ಆ 25 ಲಕ್ಷವನ್ನು ಶೇ 10ರ ಬಡ್ಡಿಯಲ್ಲಿ ಏಳು ವರ್ಷಗಳಿಗೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 41,500 ರೂಪಾಯಿ ಬರುತ್ತದೆ, ಅಸಲಿನ ಮೇಲೆ ತೆರುವ ಬಡ್ಡಿಯೇ 10 ಲಕ್ಷದ ಹತ್ತಿರಕ್ಕೆ ಮುಟ್ಟುತ್ತದೆ. ಕೆಲಸ ಬಿಟ್ಟು ಓದುವವರು ಇದಕ್ಕೆ ಆ ವರ್ಷ ಕೈತಪ್ಪಿದ ಸಂಬಳವನ್ನೂ ಸೇರಿಸಬೇಕು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚವೆನ್ನುತ್ತಾರೆ, ಅಂದರೆ ಒಂದನ್ನು ಆರಿಸಿಕೊಂಡದ್ದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದವರು ಶಿಕ್ಷಣ ಸಾಲದ ಬಡ್ಡಿಯನ್ನು ಎಂಟು ವರ್ಷಗಳವರೆಗೆ ಆದಾಯದಿಂದ ಕಳೆಯಬಹುದಾದರೂ ಅಸಲಿಗೆ ಆ ರಿಯಾಯಿತಿ ಇಲ್ಲ. ಇಪ್ಪತ್ತೇಳರವನಿಗೆ ಈ ಹಣ ಮರಳಿ ಗಳಿಸಲು ಮೂವತ್ತು ವರ್ಷಗಳ ದುಡಿಮೆ ಮುಂದಿದ್ದರೆ, ನಲವತ್ತೆರಡರವನಿಗೆ ಇರುವುದು ಅದರ ಅರ್ಧ, ಅದೂ ಮಕ್ಕಳ ಕಾಲೇಜು ಶುಲ್ಕ ಮತ್ತು ಮನೆಸಾಲದ ಕಂತುಗಳ ನಡುವೆ.

ಕೊನೆಗೆ ಕೈಗೆ ಬರುವ ಕಾಗದ ಯಾವುದೆಂಬ ಪ್ರಶ್ನೆಯೂ ಇದೆ. 2017ರ ಐಐಎಂ ಕಾಯ್ದೆ ಜಾರಿಯಾಗುವವರೆಗೆ ಈ ಸಂಸ್ಥೆಗಳಿಗೆ ಪದವಿ ನೀಡುವ ಅಧಿಕಾರವಿರಲಿಲ್ಲ, ಅವು ಕೊಡುತ್ತಿದ್ದುದು ಸ್ನಾತಕೋತ್ತರ ಡಿಪ್ಲೊಮಾ. ಈಗ ಪದವಿ ನೀಡಬಹುದಾದರೂ, ಐಐಎಂ ಹೆಸರಿನಡಿಯೇ ಕೆಲವು ತಿಂಗಳುಗಳ ಪ್ರಮಾಣಪತ್ರ ವ್ಯಾಸಂಗಗಳೂ ಮಾರಾಟಕ್ಕಿವೆ. ಜಾಹೀರಾತಿನಲ್ಲಿ ಸಂಸ್ಥೆಯ ಲಾಂಛನ ದೊಡ್ಡದಾಗಿಯೂ ‘ಪ್ರಮಾಣಪತ್ರ’ ಎಂಬುದು ಚಿಕ್ಕದಾಗಿಯೂ ಮುದ್ರಿತವಾಗಿರುವುದು ಆಕಸ್ಮಿಕವಲ್ಲ.

ಇಷ್ಟು ಹಣ ಮತ್ತು ವಯಸ್ಸನ್ನು ಪಣಕ್ಕಿಡುವ ಮೊದಲು ಮಾಡಬಹುದಾದ ಪರೀಕ್ಷೆಯೊಂದು ಇದೆ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ನಿರ್ವಹಣಾ ವಿಷಯಗಳ ಪಾಠಗಳ ಸಂಯೋಜನೆಯನ್ನು ಬೆಂಗಳೂರಿನ ಐಐಎಂ ವಹಿಸಿಕೊಂಡಿದ್ದು, ಅಲ್ಲಿನ ಪಾಠಗಳಿಗೆ ಹಣ ಕೊಡದೆ ಸೇರಬಹುದು, ಪ್ರಮಾಣಪತ್ರ ಬೇಕೆನ್ನುವವರು ಪರೀಕ್ಷೆಗಷ್ಟೇ ಶುಲ್ಕ ಕಟ್ಟಬೇಕು. ಸಹಪಾಠಿಗಳ ಬಳಗ ಅಲ್ಲಿ ಸಿಗದು, ನಿಜ. ಆದರೆ ದಿನದ ಕೆಲಸ ಮುಗಿಸಿ ಬಂದು ಕೆಲವು ವಾರ ಜಮಾಖರ್ಚಿನ ತಃಖ್ತೆಗಳೊಡನೆ ರಾತ್ರಿ ಕಳೆಯುವ ಆಸಕ್ತಿ ತಮಗಿದೆಯೇ ಎಂಬುದು ಗೊತ್ತಾಗುತ್ತದೆ, ಇಲ್ಲವೆಂದು ಗೊತ್ತಾದರೆ ಉಳಿಯುವ ಮೊತ್ತ ಚಿಕ್ಕದೇನಲ್ಲ.