ಮಾತ್ರೆಯೊಳಗೆ ಏನಿದೆ?

ಜ್ವರಕ್ಕೆಂದು ನೀವು ನುಂಗುವ ಮಾತ್ರೆ ನಿಜವಾದ ಔಷಧವೇ ಎಂದು ಎಂದಾದರೂ ಯೋಚಿಸಿದ್ದೀರಾ? ಎರಡು ಬಿಳಿ ಮಾತ್ರೆಗಳನ್ನು ಕ್ಯಾಮೆರಾ ಮುಂದಿಟ್ಟು ಎಷ್ಟೇ ಹತ್ತಿರದಿಂದ ತೋರಿಸಿದರೂ, ಯಾವುದು ಔಷಧ, ಯಾವುದು ಬರಿಯ ಸುಣ್ಣದ ಪುಡಿ ಎಂದು ಹೇಳಲಾಗದು.

ಹೊಸೂರು ರಸ್ತೆಯ ಹೆಬ್ಬಗೋಡಿಯನ್ನೇ ನೋಡಿ. 2025ರಲ್ಲಿ ಆರಂಭವಾದ ಅಲ್ಲಿಯ ಮೆಟ್ರೋ ನಿಲ್ದಾಣದ ಹೆಸರಿನಲ್ಲೇ ಔಷಧ ಕಂಪನಿಯೊಂದರ ಹೆಸರಿದೆ. 1978ರಲ್ಲಿ ಕಿರಣ್ ಮಜುಂದಾರ್ ಷಾ ಸ್ಥಾಪಿಸಿದ ಬಯೋಕಾನ್ ಮೊದಲು ತಯಾರಿಸಿದ್ದು ಕಿಣ್ವಗಳನ್ನು. 2004ರಲ್ಲಿ ಅದು ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ಒಂದು ಪ್ರೋಟೀನು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಲಿಗೆ ಸಿಕ್ಕರೆ ಲೇಬಲ್ ಹಾಗೆಯೇ ಉಳಿಯುತ್ತದೆ, ಒಳಗಿನ ಔಷಧ ಕೆಡುತ್ತದೆ.

ಆದ್ದರಿಂದ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಬೇರೆಯವರ ಹೆಸರು ಕದ್ದು ಮಾಡಿದ್ದು ನಕಲಿ. ಪರವಾನಗಿ ಇದ್ದವರೇ ತಯಾರಿಸಿದರೂ ಗುಣಮಟ್ಟಕ್ಕೆ ಇಳಿದದ್ದು ಕಳಪೆ. ಅಭಿವೃದ್ಧಿಶೀಲ ದೇಶಗಳಲ್ಲಿ ಹತ್ತರಲ್ಲೊಂದು ಔಷಧ ಈ ಎರಡರಲ್ಲಿ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು.

ಪರಿಣಾಮವೇನು? 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ 14 ರೋಗಿಗಳ ಪ್ರಾಣ ತೆಗೆಯಿತು. 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಮೃತಪಟ್ಟಾಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಆ್ಯಂಟಿಬಯಾಟಿಕ್‌ನಲ್ಲಿ ಔಷಧದ ಅಂಶ ಅರ್ಧವೇ ಇದ್ದರೆ ಇನ್ನೊಂದು ಅಪಾಯ: ದುರ್ಬಲ ರೋಗಾಣುಗಳು ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಆಮೇಲೆ ಅಸಲಿ ಔಷಧಕ್ಕೂ ಅವು ಜಗ್ಗುವುದಿಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆ 1940ರದು. 2008ರ ತಿದ್ದುಪಡಿಯಂತೆ, ನಕಲಿ ಔಷಧದಿಂದ ಸಾವು ಸಂಭವಿಸಿದರೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರಾಂಡುಗಳ ಮೇಲೆ ಕ್ಯೂಆರ್ ಸಂಕೇತ ಕಡ್ಡಾಯವಾಗಿದೆ. ಆದರೆ ಸಂಕೇತ ಹೇಳುವುದು ಹೊರಕವಚದ ಕಥೆ. ಒಳಗಿನ ಸತ್ಯವನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ಅಲ್ಲಿ ಔಷಧದ ಅಂಶ ಎಷ್ಟಿದೆ, ಮಾತ್ರೆ ಸಕಾಲದಲ್ಲಿ ಕರಗುತ್ತದೆಯೇ ಎಂದು ಅಳೆಯುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ ಸರ್ಕಾರದ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ.

ನೀವೇನು ಮಾಡಬಹುದು? ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ರಸೀದಿ ಕೇಳಿ ಪಡೆಯಿರಿ. ಅದರಲ್ಲಿರುವ ಬ್ಯಾಚ್ ಸಂಖ್ಯೆಯನ್ನು ಪಟ್ಟಿಯ ಮೇಲಿನದರೊಂದಿಗೆ ಹೋಲಿಸಿ. ಸಂಶಯ ಬಂದರೆ ಔಷಧವನ್ನು ಎಸೆಯಬೇಡಿ. ವೈದ್ಯರಿಗೆ ತೋರಿಸಿ, ಔಷಧ ಪರಿವೀಕ್ಷಕರಿಗೆ ತಿಳಿಸಿ. ನೀವು ಕಾದಿಟ್ಟ ಆ ಒಂದು ಪಟ್ಟಿಯೇ ಮುಂದೆ ಯಾರದೋ ಮನೆಯ ಮಗುವನ್ನು ಉಳಿಸಬಹುದು.